ನೆರಳು ಹಿಡಿದು ಮರ ಅಳೆದ ಮಧ್ಯಾಹ್ನ

ನಮ್ಮ ಸಣ್ಣಿಗೆ ಹೊಟ್ಟೆನೋವು ಬರುವುದು ಬುಧವಾರ ಮತ್ತು ಶುಕ್ರವಾರ ಮಾತ್ರ. ಉಳಿದ ದಿನ ಅವಳ ಹೊಟ್ಟೆ ಕಲ್ಲು ಹಾಕಿದರೂ ಅರಗಿಸುತ್ತದೆ. ಏನೋ ಎಂತೋ ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಹೊಟ್ಟೆ ಒತ್ತಿ ನೋಡಿದರು, ನಾಲಿಗೆ ಚಾಚು ಎಂದರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಬುಧವಾರ, ಶುಕ್ರವಾರ ಶಾಲೆಯಲ್ಲಿ ಏನಿರುತ್ತಮ್ಮ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಸಣ್ಣಿ ಹೇಳಿಬಿಟ್ಟಳು, "ಲೆಕ್ಕದ ಪರೀಕ್ಷೆ."

ಸಣ್ಣಿಗೆ ಹನ್ನೊಂದು ವರ್ಷ. ವಯಸ್ಸಿಗೆ ತಕ್ಕ ಎತ್ತರ ಇನ್ನೂ ಬಂದಿಲ್ಲ, ಅದಕ್ಕೇ ಆ ಹೆಸರು. ಮಾತಿನಲ್ಲಿ ಮಾತ್ರ ಮನೆಗೇ ಹಿರಿಯಳು. ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಉದ್ದನೆಯ ಮೇಜು, ನನ್ನ ಕೊರಳಲ್ಲಿ ಹಗಲೆಲ್ಲ ಅಳತೆ ಟೇಪು. ಬಟ್ಟೆ ಕೊಡಲು ಬಂದವರು ಸಣ್ಣಿಯನ್ನು ನೋಡಿ "ಓದಿನಲ್ಲಿ ಹೇಗೆ?" ಎಂದರೆ ನಾನು ನಗುತ್ತಾ ಹೇಳುತ್ತಿದ್ದೆ, "ಎಲ್ಲಾ ಚೆನ್ನಾಗಿದೆ, ಲೆಕ್ಕ ಒಂದು ಬಿಟ್ಟು. ನಂಗೂ ಅಷ್ಟೇ ಕಣ್ರೀ, ಲೆಕ್ಕ ತಲೆಗೇ ಹತ್ತಲಿಲ್ಲ. ಇವಳು ಪೂರ್ತಿ ನನ್ನ ಹಾಗೇ." ಮುದ್ದಿನಿಂದಲೇ ಹೇಳುತ್ತಿದ್ದೆ. ಮುದ್ದಿನಿಂದ ಆಡಿದ ಮಾತೂ ಮಗುವಿನ ಮನಸ್ಸಿನಲ್ಲಿ ಬೇರು ಬಿಡುತ್ತದೆ ಎಂದು ಆಗ ನನಗೆ ಹೊಳೆದಿರಲಿಲ್ಲ.

ಒಂದು ಶುಕ್ರವಾರ ಸಂಜೆ ಅವಳು ನನ್ನ ಪಕ್ಕ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸುತ್ತಲೇ ಹೇಳಿದಳು, "ಅಮ್ಮ, ಮುಂದಿನ ವರ್ಷ ನಾನು ಶಾಲೆಗೆ ಹೋಗಲ್ಲ. ನಿನ್ನ ಜೊತೆ ಹೊಲೀತೀನಿ."

"ಯಾಕೇ?"

"ಲೆಕ್ಕ ಬರದೇ ಇರೋರಿಗೆ ಮುಂದೆ ಕಷ್ಟ ಅಂತೆ. ನೀನೂ ಬಿಟ್ಟೆ ತಾನೆ?"

ನನ್ನ ಕಾಲು ಯಂತ್ರದ ಮೇಲೆ ನಿಂತುಹೋಯಿತು. ಹೌದು, ನಾನೂ ಬಿಟ್ಟಿದ್ದೆ, ಹನ್ನೆರಡನೆಯ ವಯಸ್ಸಿನಲ್ಲಿ, ಇದೇ ಲೆಕ್ಕಕ್ಕೆ ಹೆದರಿ. ಹೊಲಿಗೆ ಕೆಟ್ಟ ಕೆಲಸವೆಂದು ನಾನು ಹೇಳುವುದಿಲ್ಲ, ಅದೇ ನನಗೆ ಅನ್ನ ಕೊಟ್ಟಿದೆ. ಆದರೆ ಪ್ರೀತಿಯಿಂದ ಹೊಲಿಗೆಗೆ ಬಂದವರು ಬೇರೆ, ಇನ್ನೊಂದು ಬಾಗಿಲಿಗೆ ಹೆದರಿ ಇಲ್ಲಿಗೆ ಓಡಿಬಂದವರು ಬೇರೆ. ನನ್ನ ಮಗಳು ಓಡಿಬರುತ್ತಿದ್ದಳು. 

ನಮ್ಮ ಮನೆಯವರು ಮ್ಯೂಸಿಯಮ್ಮಿನ ಕಾವಲುಗಾರರು. ಇಪ್ಪತ್ತು ವರ್ಷದಿಂದ ಒಂದೇ ಕಟ್ಟಡ, ಒಂದೇ ಕುರ್ಚಿ, ಒಂದೇ ಮಾತು: "ಮುಟ್ಟಬೇಡಿ." ಆ ಮಾತು ಅವರ ನಾಲಿಗೆಗೆ ಎಷ್ಟು ಅಂಟಿಕೊಂಡಿದೆ ಎಂದರೆ, ಸಣ್ಣಿ ಹುಟ್ಟಿದಾಗ ತೊಟ್ಟಿಲ ಹತ್ತಿರ ಬಂದ ನೆಂಟರಿಗೂ ಅದನ್ನೇ ಹೇಳಿ ನಮ್ಮತ್ತೆಯಿಂದ ಚೆನ್ನಾಗಿ ಬೈಸಿಕೊಂಡಿದ್ದರು.

ಅವರ ಮ್ಯೂಸಿಯಂ ನನಗೆ ಇಷ್ಟ. ದೊಡ್ಡ ಹಾಲಿನ ಸೂರಿನಿಂದ ತಿಮಿಂಗಿಲದ ಮೂಳೆಗೂಡು ತೂಗುತ್ತದೆ. ಮೇಲಿನ ಕಿಟಕಿಗಳಿಂದ ಬಿಸಿಲು ಇಳಿಯುವ ಹೊತ್ತಿಗೆ ಅದರ ಪಕ್ಕೆಲುಬುಗಳ ನೆರಳು ನೆಲದ ಮೇಲೆ ನಿಧಾನವಾಗಿ ಸರಿಯುತ್ತದೆ. ನೋಡುತ್ತಾ ನಿಂತರೆ ಅದು ಈಜುತ್ತಿದೆಯೋ, ನಾವೇ ತೇಲುತ್ತಿದ್ದೇವೋ ತಿಳಿಯುವುದಿಲ್ಲ. ಗಾಜಿನ ಹಿಂದೆ ಶಂಖಗಳು, ಜೇನಿನ ಗೂಡು, ಚಿಟ್ಟೆಗಳು. ಹಿಂಬಾಗಿಲು ತೆರೆದರೆ ಪ್ರಕೃತಿ ಕೇಂದ್ರದ ತೋಟ, ಒಂದು ಕೊಳ, ಹುಲ್ಲುಹಾಸು, ಮರಗಳು. ಅಲ್ಲಿ ಗಡಿಯಾರಗಳು ಕೂಡ ಸ್ವಲ್ಪ ಸೋಮಾರಿಯಾಗಿ ನಡೆಯುತ್ತವೆ ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಎಂಟು ತಿಂಗಳ ಹಿಂದೆ ಮೇಲಿನ ಕಚೇರಿಯಿಂದ ಅಲ್ಲಿಗೊಂದು ಪೆಟ್ಟಿಗೆ ಬಂತು. ಒಳಗೆ ಬಣ್ಣದ ಮರದ ಬಿಲ್ಲೆಗಳು. ಮೂರು ಮೂಲೆಯವು, ನಾಲ್ಕು ಮೂಲೆಯವು, ಐದು, ಆರು. ಜೊತೆಗೆ ಪುಟ್ಟ ಕನ್ನಡಿಗಳು, ಒಂದು ತಕ್ಕಡಿ. ನೋಡಲು ಬಂದ ಮಕ್ಕಳು ಕೈಯಾರೆ ಜೋಡಿಸಿ, ತೂಗಿ, ಲೆಕ್ಕ ಕಲಿಯಲಿ ಎಂದು ಕಳಿಸಿದ್ದು. ನಮ್ಮವರು ಏನು ಮಾಡಿದರು ಗೊತ್ತೇ? ಒಂದೊಂದು ಬಿಲ್ಲೆಯ ಬೆನ್ನಿಗೂ ಮಸಿಯಲ್ಲಿ ನಂಬರು ಬರೆದು, ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟು, ಬೀಗ ಜಡಿದು, ಮೇಲೊಂದು ಚೀಟಿ ಅಂಟಿಸಿದರು: "ಮುಟ್ಟಿ ಕಲಿಯುವ ಗಣಿತ. ದಯವಿಟ್ಟು ಮುಟ್ಟಬೇಡಿ."

ನಾನು ಆ ಚೀಟಿಯನ್ನು ನೋಡಿದ್ದು ಒಂದು ಶನಿವಾರ. ಹಾಲಿನ ಕಿಟಕಿಗಳ ಪರದೆ ಹೊಲಿದು ಮುಗಿದಿತ್ತು, ಕೊಟ್ಟು ಬರೋಣವೆಂದು ಸಣ್ಣಿಯ ಜೊತೆ ಹೋಗಿದ್ದೆ. ಗಾಜಿನ ಪೆಟ್ಟಿಗೆಯ ಮುಂದೆ ತೋಟದಕ್ಕ ನಿಂತಿದ್ದರು. ಹಿಂದಿನ ತೋಟ ನೋಡಿಕೊಳ್ಳುವವರು, ಬರುವ ಮಕ್ಕಳಿಗೆ ಗಿಡಮರ ತೋರಿಸಿ ಪಾಠ ಹೇಳುವವರು. ಮೊಣಕಾಲಿನವರೆಗೆ ರಬ್ಬರ್ ಬೂಟು, ಜೇಬಿನಲ್ಲಿ ಸದಾ ಒಂದು ಹಗ್ಗ.

"ಅಣ್ಣ, ಈ ಚೀಟಿ ನೀವೇ ಬರೆದಿದ್ದಾ?" ಎಂದು ಅವರು ನಮ್ಮವರನ್ನು ಕೇಳುತ್ತಿದ್ದರು.

"ಹೌದು. ಯಾಕೆ, ಅಕ್ಷರ ಸಣ್ಣದಾಯ್ತಾ?"

"ಅಕ್ಷರ ಮುತ್ತಿನ ಹಾಗಿದೆ. ಬರೆದಿರೋದನ್ನ ಒಂದ್ಸಲ ಓದಿ ನೋಡಿ."

ನಮ್ಮವರು ಓದಿದರು. ಅವರಿಗೇನೂ ತಪ್ಪು ಕಾಣಲಿಲ್ಲ. "ನೋಡಿ ಮೇಡಂ, ಒಂದು ಬಿಲ್ಲೆ ಕಳೆದುಹೋದ್ರೆ ನಿಮ್ಮನ್ನ ಯಾರೂ ಕೇಳಲ್ಲ, ನನ್ನ ಕುತ್ತಿಗೆ ಹಿಡೀತಾರೆ. ಲೆಕ್ಕ ಕಲಿಯೋಕೆ ಶಾಲೆ ಇದೆ, ಬೋರ್ಡಿದೆ, ಮೇಷ್ಟ್ರಿದಾರೆ. ಮ್ಯೂಸಿಯಮ್ಮಿಗೆ ಬಂದೋರು ಕೈಕಟ್ಟಿಕೊಂಡು ನೋಡ್ಬೇಕು, ಹೋಗ್ಬೇಕು."

ಲೆಕ್ಕ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸಣ್ಣಿ ನನ್ನ ಬೆನ್ನ ಹಿಂದೆ ಸೇರಿಕೊಂಡಳು. ತೋಟದಕ್ಕನ ಕಣ್ಣು ಅದನ್ನು ಹಿಡಿಯಿತು. ಅವರು ಬಿಲ್ಲೆಗಳ ವಿಷಯ ಅಲ್ಲಿಗೇ ಬಿಟ್ಟು, ತಲೆ ಎತ್ತಿ ತಿಮಿಂಗಿಲವನ್ನು ನೋಡಿದರು.

"ಸಣ್ಣಿ, ನಂಗೊಂದು ಅನುಮಾನ. ನಿನ್ನಷ್ಟು ಉದ್ದದವರು ತಲೆಗೆ ಕಾಲು ತಾಗಿಸಿ ಸಾಲಾಗಿ ಮಲಗಿದ್ರೆ, ಈ ತಿಮಿಂಗಿಲದಷ್ಟು ಉದ್ದ ಆಗೋಕೆ ಎಷ್ಟು ಜನ ಬೇಕು?"

"ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ. ಊಹೆ ಮಾಡು ನೋಡೋಣ."

"ತಪ್ಪಾದ್ರೆ?"

"ತಪ್ಪಾದ್ರೆ ತಿಮಿಂಗಿಲ ಬೇಜಾರು ಮಾಡ್ಕೊಳ್ಳಲ್ಲ."

ಸಣ್ಣಿ ನನ್ನ ಬೆನ್ನ ಹಿಂದಿನಿಂದ ಅರ್ಧ ಮುಖ ಹೊರಗೆ ಹಾಕಿದಳು. "ಎಂಟು?" ಎಂದಳು. ನಾನು ಇಪ್ಪತ್ತು ಎಂದೆ. ನಮ್ಮವರು ಕುರ್ಚಿಗೆ ಹೋಗಿ ಕೂತರು. ತೋಟದಕ್ಕ ನೆಲ ತೋರಿಸಿ, "ಮಲಕ್ಕೋ, ನಿನ್ನನ್ನೇ ಅಳೆಯೋಣ" ಎಂದರು. ಕುರ್ಚಿ ತಟ್ಟನೆ ಕಿರುಗುಟ್ಟಿತು.

"ಹಾಲಲ್ಲಿ ಮಲಗೋ ಹಾಗಿಲ್ಲ!"

"ಎಲ್ಲಿ ಬರೆದಿದೆ ಅಣ್ಣ?"

ನಮ್ಮವರು ಯೋಚನೆ ಮಾಡಿದರು. ನಿಯಮಗಳೆಲ್ಲ ಅವರಿಗೆ ಬಾಯಿಪಾಠ. ಮಲಗಬಾರದೆಂದು ಎಲ್ಲೂ ಇರಲಿಲ್ಲ. "ಬೇಗ ಎದ್ದೇಳಿ ಆಯ್ತಾ" ಎಂದು ಗೊಣಗಿದರು.

ಸಣ್ಣಿ ತಿಮಿಂಗಿಲದ ಕೆಳಗೆ ಮಲಗಿದಳು. ಪಕ್ಕೆಲುಬುಗಳ ನೆರಳು ಅವಳ ಮೈಮೇಲೆ ಪಟ್ಟೆಪಟ್ಟೆಯಾಗಿ ಹರಡಿತು. ತೋಟದಕ್ಕ ಹಗ್ಗ ಹಿಡಿದು ಅವಳ ತಲೆಯಿಂದ ಹಿಮ್ಮಡಿಯವರೆಗೆ ಅಳೆದು ಗಂಟು ಹಾಕಿದರು. ಆಮೇಲೆ ಅವಳೇ ಎದ್ದು ಆ ಹಗ್ಗದಿಂದ, ಮೂಗಿನ ತುದಿಯ ನೇರ ಕೆಳಗಿನಿಂದ ಬಾಲದ ಕೊನೆಯ ಮೂಳೆಯ ಕೆಳಗಿನವರೆಗೆ, ಮಂಡಿಯೂರಿ ಅಳೆಯುತ್ತಾ ಹೋದಳು. ಒಂದು ಸಣ್ಣಿ, ಎರಡು ಸಣ್ಣಿ, ಮೂರು ಸಣ್ಣಿ. ಸರಿಯಾಗಿ ಹನ್ನೊಂದು ಸಣ್ಣಿ ಆಯಿತು.

"ಅಷ್ಟಕ್ಕೇ ಇಷ್ಟೊಂದು ಒದ್ದಾಟ ಯಾಕೆ?" ಎಂದರು ನಮ್ಮವರು. "ಫಲಕದ ಮೇಲೆ ಬರೆದೇ ಇದೆ, ಹದಿನಾಲ್ಕೂವರೆ ಮೀಟರ್ ಅಂತ."

ಸಣ್ಣಿ ನನ್ನ ಕೊರಳಿನ ಟೇಪು ಎಳೆದುಕೊಂಡು ಹಗ್ಗ ಅಳೆದಳು. ನೂರ ಮೂವತ್ತೆರಡು ಸೆಂಟಿಮೀಟರ್. ಅವಳ ತುಟಿ ಅಲ್ಲಾಡತೊಡಗಿತು. "ಹನ್ನೊಂದು ಮೀಟರು... ಹನ್ನೊಂದು ಮೂವತ್ತೆರಡು... ಮುನ್ನೂರ ಐವತ್ತೆರಡು... ಮೂರೂವರೆ ಮೇಲೆ ಚೂರು. ಸೇರಿಸಿದ್ರೆ ಹದಿನಾಲ್ಕೂವರೆ. ಹೌದಮ್ಮ, ಫಲಕ ಸರಿಯಾಗಿದೆ!"

"ಹೇಗೆ ಗೊತ್ತಾಯ್ತು? ಇನ್ನೊಂದ್ಸಲ ಹೇಳು" ಎಂದರು ತೋಟದಕ್ಕ. ಸಣ್ಣಿ ಹೇಳಿದಳು. ತಾನು ಮಾಡಿದ್ದು ಗುಣಾಕಾರ ಎಂದು ಅವಳಿಗೆ ಗೊತ್ತೇ ಆಗಲಿಲ್ಲ. ನಾನು ಸುಮ್ಮನಿರಬೇಕಿತ್ತು. ಹಾಳು ಬಾಯಿ, "ಏನೋ ಅದೃಷ್ಟ ಅಕ್ಕ, ಇವಳಿಗೆ ಲೆಕ್ಕ ಬರಲ್ಲ, ನನ್ನ ಹಾಗೇ" ಎಂದುಬಿಟ್ಟಿತು.

ತೋಟದಕ್ಕ ನನ್ನ ತೋಳು ಹಿಡಿದು ಶಂಖಗಳ ಕಪಾಟಿನ ಪಕ್ಕಕ್ಕೆ ಕರೆದುಕೊಂಡು ಹೋದರು. "ಆ ಮಾತು ಇವತ್ತಿಂದ ಬಿಟ್ಬಿಡಮ್ಮ. ಮಗು ಅದನ್ನ ನಂಬುತ್ತೆ. ಮತ್ತೆ ಅದು ಸುಳ್ಳು ಬೇರೆ. ಒಂದು ಅಂಗಿಗೆ ಎಷ್ಟು ಬಟ್ಟೆ ಬೇಕು ಅಂತ ಮೈ ನೋಡಿ ಹೇಳ್ತೀಯ. ಒಂದು ಗೇಣು ಹಾಳು ಮಾಡದೆ ತುಂಡುಗಳನ್ನ ಜೋಡಿಸಿ ಕತ್ತರಿಸ್ತೀಯ. ಅದು ಲೆಕ್ಕ ಅಲ್ಲದೆ ಇನ್ನೇನು?"

"ಅದು ಕೈಗೆ ಬಂದುಬಿಟ್ಟಿದೆ ಅಕ್ಕ."

"ಅದನ್ನೇ ನಾನೂ ಹೇಳ್ತಿರೋದು. ಕೈಗೆ ಮೊದಲು ಬರ್ಲಿ, ಪುಸ್ತಕಕ್ಕೆ ಆಮೇಲೆ ಬರುತ್ತೆ. ಶಾಲೇಲಿ ಮೇಷ್ಟ್ರಿಗೆ ನಲವತ್ತು ಮಕ್ಕಳು, ಗಂಟೆ ಹೊಡೆಯೋದ್ರೊಳಗೆ ಪಾಠ ಮುಗೀಬೇಕು. ಪಾಪ, ಅವರೇನು ಮಾಡ್ತಾರೆ? ಇಲ್ಲಿ ಗಂಟೆ ಇಲ್ಲ, ಕೆಂಪು ಪೆನ್ನಿಲ್ಲ. ಹತ್ತು ಸಲ ತಪ್ಪು ಮಾಡ್ಬಹುದು. ಅಮ್ಮ ಅಪ್ಪನೂ ಜೊತೆಗೇ ಇರ್ತಾರೆ. ಬಾ, ತೋಟಕ್ಕೆ ಹೋಗೋಣ."

ಹುಲ್ಲುಹಾಸಿನ ನಡುವೆ ಒಂದು ಮರವಿದೆ. ಅಕ್ಕಪಕ್ಕಕ್ಕೆ ಹೆಚ್ಚು ಹರಡದೆ ನೆಟ್ಟಗೆ ಆಕಾಶಕ್ಕೆ ಹೋದ, ತುದಿ ಚೂಪಾದ ಮರ. ಬುಡದಲ್ಲಿ ಒಂದು ಕಬ್ಬಿಣದ ಫಲಕ. "ಎತ್ತರ: ಹನ್ನೆರಡು ಮೀಟರ್." ತೋಟದಕ್ಕ ಫಲಕಕ್ಕೆ ಬೆನ್ನು ಮಾಡಿ ನಿಂತು ಕೇಳಿದರು, "ಹತ್ತದೆ, ಕಡಿಯದೆ, ಈ ಮರದ ಎತ್ತರ ಕಂಡುಹಿಡಿಯೋಕಾಗುತ್ತಾ?"

ಸಣ್ಣಿ ಮೇಲೆ ನೋಡಿದಳು, ಕೆಳಗೆ ನೋಡಿದಳು. ಆಗ ಮಧ್ಯಾಹ್ನ ಎರಡೂವರೆ. ಅವಳ ಕಾಲ ಬಳಿ ಅವಳ ನೆರಳು ಗಿಡ್ಡಗೆ ಬಿದ್ದಿತ್ತು. "ನನ್ನ ನೆರಳು ನನಗಿಂತ ಸಣ್ಣಿ" ಎಂದು ನಕ್ಕಳು.

"ಅಳೆದು ನೋಡು."

ತೊಂಬತ್ತು ಸೆಂಟಿಮೀಟರ್ ಇತ್ತು. ನಾವು ಹುಲ್ಲಿನ ಮೇಲೆ ಕೂತೆವು. ಕಾಲು ಗಂಟೆ ಬಿಟ್ಟು ಅಳೆದರೆ ನೂರ ಮೂರು. ಇನ್ನೂ ಕಾಲು ಗಂಟೆ ಬಿಟ್ಟರೆ ನೂರ ಹದಿನೇಳು. ನಡುನಡುವೆ ಮಾಡಲು ಏನೂ ಇರಲಿಲ್ಲ. ಕೊಳದ ಮೇಲೆ ಒಂದು ಏರೋಪ್ಲೇನ್ ಚಿಟ್ಟೆ ನಿಂತಲ್ಲೇ ನಿಂತು ಹಾರುತ್ತಿತ್ತು. ನೀರಿನಲ್ಲಿ ಮೋಡ ಬಂದು ಹೋಗುತ್ತಿತ್ತು. ಯಾವುದೋ ಗಿಡದಿಂದ ಒಣಗಿದ ಎಲೆ ಉದುರಿ, ಅವಸರವೇ ಇಲ್ಲದೆ ಸುತ್ತಿ ಸುತ್ತಿ ಇಳಿಯಿತು. ನಾನು ಎಷ್ಟು ವರ್ಷವಾಗಿತ್ತೋ ಹೀಗೆ ಹಗಲಿನಲ್ಲಿ ಸುಮ್ಮನೆ ಕೂತು. ಕಣ್ಣು ಅರ್ಧ ಮುಚ್ಚಿದರೆ ಹುಲ್ಲಿನ ಮೇಲಿನ ನೆರಳುಗಳೆಲ್ಲ ಒಟ್ಟಿಗೆ, ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಮಕ್ಕಳ ಹಾಗೆ, ಮೆಲ್ಲಗೆ ಮೈ ಚಾಚುತ್ತಿದ್ದವು. ನನ್ನದು, ಮಗಳದು, ಮರದ್ದು. ಇಷ್ಟು ದೊಡ್ಡ ಆಕಾಶ ನಮ್ಮ ಮೂವರ ಅಳತೆಯನ್ನೂ ಒಂದೇ ಕೈಯಿಂದ ತೆಗೆಯುತ್ತಿದೆ ಎಂದು ನನಗೆ ಅನಿಸಿತು. ಲೆಕ್ಕ ಇಷ್ಟು ನಿಶ್ಶಬ್ದವಾಗಿರುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ.

ಸಣ್ಣಿ ತಟ್ಟನೆ ಎದ್ದು ನಿಂತಳು. "ಅಕ್ಕ, ನನ್ನ ನೆರಳು ನನ್ನಷ್ಟೇ ಆಗೋ ಹೊತ್ತಿಗೆ, ಮರದ ನೆರಳೂ ಮರದಷ್ಟೇ ಆಗಿರುತ್ತೆ ಅಲ್ವಾ?"

ತೋಟದಕ್ಕ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಯಾಕೆ ಹಾಗನ್ಸುತ್ತೆ?" ಎಂದರು.

"ಇಬ್ಬರಿಗೂ ಸೂರ್ಯ ಒಬ್ಬನೇ ಅಲ್ವಾ? ನಂಗೊಂದು ಥರ, ಮರಕ್ಕೊಂದು ಥರ ಬಿಸಿಲು ಬೀಳಲ್ಲವಲ್ಲ."

 ಗಂಟೆ ಮೂರೂಕಾಲು ದಾಟಿದ ಮೇಲೆ ಅವಳ ನೆರಳು ನೂರ ಮೂವತ್ತೆರಡಕ್ಕೆ ಬಂತು. "ಈಗ!" ಎಂದು ಕೂಗಿ ಮರದ ನೆರಳಿನ ತುದಿಗೆ ಓಡಿ ಒಂದು ಕಡ್ಡಿ ಚುಚ್ಚಿದಳು. ತೋಟದಕ್ಕ ಮೀಟರಿಗೊಂದು ಗಂಟು ಹಾಕಿದ ಉದ್ದನೆಯ ಹಗ್ಗ ತಂದುಕೊಟ್ಟರು. ಕಡ್ಡಿಯಿಂದ ಕಾಂಡದವರೆಗೆ ಎಳೆದರೆ ಹದಿನಾರು ಗಂಟು, ಮೇಲೆ ಒಂದು ಗೇಣು.

ಆ ಹೊತ್ತಿಗೆ ನಮ್ಮವರು ತೋಟದ ಕಡೆ ಒಂದು ಸುತ್ತು ಬಂದರು. ಸಣ್ಣಿ ಓಡಿಹೋಗಿ ಹೇಳಿದಳು, "ಅಪ್ಪಾ, ಈ ಮರ ಹದಿನಾರು ಮೀಟರ್ ಇಪ್ಪತ್ತು!"

"ಹನ್ನೆರಡು" ಎಂದರು ಅವರು. "ಫಲಕ ನೋಡಲಿಲ್ವಾ? ಎಲ್ಲಿಂದ ಅಳೆದೆ?"

"ಕಾಂಡದ ತೊಗಟೆಯಿಂದ."

"ಅಲ್ಲೇ ತಪ್ಪು ಮಾಡಿದೀಯ. ಮರದ ತುದಿ ತೊಗಟೆ ಮೇಲಿರುತ್ತಾ? ಕಾಂಡದ ನಡುವಿನ ಮೇಲಿರುತ್ತೆ. ನಡುವಿಂದ ಅಳೀಬೇಕು."

ಸಣ್ಣಿ ಕಾಂಡದ ಕಡೆ ನೋಡಿದಳು. "ಹಾಗಾದ್ರೆ ಇನ್ನೂ ಜಾಸ್ತಿನೇ ಆಗುತ್ತೆ ಅಪ್ಪಾ."

ತೋಟದಕ್ಕ ಕೊಳದ ಕಡೆ ತಿರುಗಿ ಕೆಮ್ಮಿದರು. ಸಣ್ಣಿ ಕಾಂಡದ ಎರಡೂ ಬದಿಗೆ ಕಡ್ಡಿ ನಿಲ್ಲಿಸಿ ದಪ್ಪ ಅಳೆದಳು. ಅರವತ್ತು. ಅರ್ಧ ಮೂವತ್ತು. "ಹದಿನಾರೂವರೆ" ಎಂದಳು.

ನಮ್ಮವರ ಮುಖ ಕೆಂಪಾಯಿತು. "ತಿಮಿಂಗಿಲದ ಫಲಕ ಸರಿ ಇತ್ತು ತಾನೆ? ಇದೂ ಸರಿ ಇದೆ. ಈ ಫಲಕ ನೆಟ್ಟಿದ್ದು ನಾನು. ಇಪ್ಪತ್ತು ವರ್ಷದಿಂದ ಪ್ರತಿ ತಪಾಸಣೆಗೆ ಮುಂಚೆ ಬಣ್ಣ ಬಳಿದು ಅಕ್ಷರ ತಿದ್ದಿ ಇಟ್ಟಿರೋದು ನಾನು. ಒಂದು ಸಲನೂ ಹನ್ನೆರಡು ಬಿಟ್ಟು ಬೇರೆ ಬರೆದಿಲ್ಲ."

"ತಿಮಿಂಗಿಲ ಸತ್ತಿದೆ ಅಪ್ಪಾ. ಮರ ಬದುಕಿದೆ."

ಅಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಗಂಡಸಿನ ಸಿಟ್ಟು, ಅದರಲ್ಲೂ ಸೋತ ಗಂಡಸಿನ ಸಿಟ್ಟು. "ಪರೀಕ್ಷೇಲಿ ಆರು ಅಂಕ ತಗೊಂಡೋಳು ನಂಗೆ ಲೆಕ್ಕ ಹೇಳ್ಕೊಡ್ತೀಯಾ?" ಎಂದುಬಿಟ್ಟರು.

ಸಣ್ಣಿಯ ಮುಖ ಆರಿಹೋಯಿತು. ಕೈಯಲ್ಲಿದ್ದ ಹಗ್ಗವನ್ನು ನೀಟಾಗಿ ಸುತ್ತಿ ತೋಟದಕ್ಕನಿಗೆ ಕೊಟ್ಟಳು.  ಮನೆ ಬಾಗಿಲಲ್ಲಿ ನಿಂತು, "ಅಮ್ಮ, ಯಂತ್ರಕ್ಕೆ ನಂಗೆ ಕಾಲು ಎಟುಕಲ್ಲ. ಎತ್ತರದ ಸ್ಟೂಲ್ ಮಾಡಿಸ್ಕೊಡು" ಎಂದಳು. ಅವಳು ತೀರ್ಮಾನ ಮಾಡಿಯಾಗಿತ್ತು. ನನಗೆ ಅಳು ಬಂತು.

ಸಂಜೆ ಅವರು ಊಟಕ್ಕೆ ಕೂತಾಗ ನಾನು ಬಡಿಸಿ ಎದುರಿಗೇ ಕೂತೆ. "ರೀ, ನಿಮ್ಮೊಬ್ಬರನ್ನೇ ಬೈಯಲ್ಲ ನಾನು. ಇವಳಿಗೆ ಲೆಕ್ಕ ಬರಲ್ಲ ಅಂತ ಊರಿಗೆಲ್ಲ ಸಾರಿದೋಳು ನಾನೇ. ಆದ್ರೆ ಇವತ್ತು ಇವಳು ಮಧ್ಯಾಹ್ನವೆಲ್ಲ ಲೆಕ್ಕದ ಜೊತೆಗಿದ್ಲು, ಒಂದ್ಸಲನೂ ಹೆದರಲಿಲ್ಲ. ನಾನು ಕಣ್ಣಾರೆ ನೋಡ್ದೆ. ನೀವು ಬಂದ್ರಿ, ಅದನ್ನ ಒಂದು ಮಾತಲ್ಲಿ ಕಿತ್ತು ಹಾಕಿದ್ರಿ."

"ಫಲಕ ತಪ್ಪಾಗೋಕೆ ಹೇಗೆ ಸಾಧ್ಯವೇ?" ಎಂದರು ಅವರು. ದನಿ ಮೆತ್ತಗಾಗಿತ್ತು.

"ನನ್ನ ಕೇಳ್ಬೇಡಿ. ಮರಾನ ಕೇಳಿ."

ಮರುದಿನ ಭಾನುವಾರ ಅವರು ಎಂದಿಗಿಂತ ಒಂದು ಗಂಟೆ ಮೊದಲೇ ಹೊರಟರು. ಪರದೆಯ ಕೊಕ್ಕೆ ಕೊಡುವುದು ಮರೆತೆನೆಂದು ನೆಪ ಹೇಳಿ ನಾನು ಸಣ್ಣಿಯನ್ನು ಎಳೆದುಕೊಂಡು ಹೋದೆ. ಒಂಬತ್ತೂವರೆ ಹತ್ತಿರ. ತೋಟದ ಬಾಗಿಲಲ್ಲಿ ತೋಟದಕ್ಕ ನಿಂತಿದ್ದರು. ಬೆರಳು ತುಟಿಯ ಮೇಲಿಟ್ಟು, ಅತ್ತ ನೋಡಿ ಎಂದು ಸನ್ನೆ ಮಾಡಿದರು.

ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ. ನಮ್ಮವರು ಟೋಪಿ ತೆಗೆದಿಟ್ಟು, ಕೈ ಪಕ್ಕಕ್ಕೆ ಬಿಟ್ಟು ನೆಟ್ಟಗೆ ನಿಂತಿದ್ದರು. ಎದುರಿಗೆ ಅವರ ನೆರಳು. ಅದರ ತಲೆಯ ಬಳಿ ಒಂದು ಕಡ್ಡಿ ನೆಟ್ಟಿದ್ದರು, ತಮ್ಮ ಎತ್ತರಕ್ಕೆ ಸರಿಯಾಗಿ. ನೆರಳು ಕುಗ್ಗುತ್ತಾ ಕುಗ್ಗುತ್ತಾ ಆ ಕಡ್ಡಿಗೆ ಬರುವುದನ್ನೇ ಕಾಯುತ್ತಿದ್ದರು. ಮುಖ ಎಷ್ಟು ಗಂಭೀರವಾಗಿತ್ತೆಂದರೆ, ನಮ್ಮ ಮದುವೆಯ ಫೋಟೊದಲ್ಲೂ ಅವರು ಹಾಗೆ ನಿಂತಿಲ್ಲ. ನೆರಳು ಕಡ್ಡಿ ಮುಟ್ಟಿತು. ಇಪ್ಪತ್ತು ವರ್ಷ ಮಕ್ಕಳಿಗೆ "ಓಡಬೇಡಿ" ಎಂದ ಮನುಷ್ಯ ಎದ್ದುಬಿದ್ದು ಓಡಿದರು. ಹಗ್ಗ ಎಳೆದರು. ತುಟಿಯಲ್ಲೇ ಗಂಟು ಎಣಿಸಿದರು. ಹಿಂದಕ್ಕೆ ಹೋಗಿ ಮತ್ತೆ ಎಣಿಸಿದರು. ಕಾಂಡದ ದಪ್ಪ ಅಳೆದರು, ಅರ್ಧ ಮಾಡಿದರು. ಆಮೇಲೆ ಒದ್ದೆ ಹುಲ್ಲಿನ ಮೇಲೆ ಕೂತುಬಿಟ್ಟರು.

ಸಣ್ಣಿ ಹತ್ತಿರ ಹೋದಳು. "ಎಷ್ಟು ಬಂತಪ್ಪಾ?"

"ಹದಿನಾರೂವರೆ." ಅವರು ಮರವನ್ನು ಬುಡದಿಂದ ತುದಿಯವರೆಗೆ, ಮೊದಲ ಸಲ ನೋಡುವವರ ಹಾಗೆ ನೋಡಿದರು. "ನನ್ನ ಕಣ್ಣೆದುರಿಗೇ ನಾಲ್ಕೂವರೆ ಮೀಟರ್ ಬೆಳೆದಿದೆ ಮಗಳೇ. ನಾನು ತಲೆ ಎತ್ತಿ ನೋಡಲಿಲ್ಲ. ಫಲಕಕ್ಕೆ ಬಣ್ಣ ಬಳೀತಾ ಕೂತಿದ್ದೆ." ಆಮೇಲೆ ಮಗಳ ಕಡೆ ತಿರುಗಿ, "ನಿನ್ನೆ ಆ ಅಂಕದ ಮಾತು ಆಡಬಾರದಿತ್ತು. ತಪ್ಪಾಯ್ತು" ಎಂದರು.

ಸಣ್ಣಿಗೆ ಆ ಕ್ಷಮೆಯ ಕಡೆ ಗಮನವೇ ಇರಲಿಲ್ಲ. ಅವಳ ಕಣ್ಣು ಹುಲ್ಲಿನ ಮೇಲಿತ್ತು. "ಅಪ್ಪಾ! ನಿನ್ನೆ ನೆರಳು ಆ ಕಡೆ ಬಿದ್ದಿತ್ತು, ಇವತ್ತು ಈ ಕಡೆ ಬಿದ್ದಿದೆ. ನಾನು ಗಿಡ್ಡ, ನೀನು ಎತ್ತರ. ಆದ್ರೂ ಒಂದೇ ಬಂತಲ್ಲಪ್ಪಾ! ಯಾಕೆ?"

"ಯಾಕೆ?" ಎಂದು ಅವರೂ ಕೇಳಿದರು. ಗೊತ್ತಿದ್ದು ಕೇಳಿದರೋ ಗೊತ್ತಿಲ್ಲದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಗಳು ಹುಲ್ಲಿನ ಮೇಲೆ ಕಡ್ಡಿಗಳನ್ನಿಟ್ಟು ಅಪ್ಪನಿಗೆ ವಿವರಿಸತೊಡಗಿದಳು. ನನ್ನ ಗಂಡ ಕೈಕಟ್ಟಿ ಕೂತು ಕೇಳಿದರು.

ಹತ್ತೂವರೆಗೆ ಅವರು ಒಳಗೆ ಹೋಗಿ ಗಾಜಿನ ಪೆಟ್ಟಿಗೆಯ ಬೀಗ ತೆಗೆದರು. ಬಿಲ್ಲೆಗಳನ್ನು ತಿಮಿಂಗಿಲದ ಕೆಳಗೆ ನೆಲದ ಮೇಲೆ ಸುರಿದರು. ಆ ಸದ್ದಿಗೆ ಹಾಲಿನಲ್ಲಿದ್ದ ಮಕ್ಕಳೆಲ್ಲ ಓಡಿಬಂದರು. ಮೂರು ಮೂಲೆಯವು ಸಂದಿಯಿಲ್ಲದೆ ಕೂತವು, ನಾಲ್ಕು ಮೂಲೆಯವು ಕೂತವು, ಆರು ಮೂಲೆಯವು ಜೇನಿನ ಗೂಡಿನ ಹಾಗೆಯೇ ಹರಡಿದವು. ಐದು ಮೂಲೆಯವು ಏನು ಮಾಡಿದರೂ ಕೂರಲಿಲ್ಲ, ಎಲ್ಲೋ ಒಂದು ಸಂದಿ ಉಳಿಯುತ್ತಿತ್ತು. ಒಬ್ಬ ಅಜ್ಜಿ, ಮೊಮ್ಮಗನನ್ನು ಕರೆತಂದವರು, ಅರ್ಧ ಗಂಟೆ ಅದರ ಜೊತೆ ಹಟ ಹಿಡಿದು ಕೂತರು. ಸಂಜೆ ನಮ್ಮವರು ಎಣಿಸಿದಾಗ ಎರಡು ಬಿಲ್ಲೆ ಕಡಿಮೆ ಬಂದವು. "ಹೋಗ್ಲಿ ಬಿಡು, ಯಾರದೋ ಮನೇಲಿ ಜೋಡಿಸ್ತಿರ್ತಾರೆ" ಎಂದರು. ನಾನು ಅವರ ಹಣೆ ಮುಟ್ಟಿ ನೋಡಿದೆ, ಜ್ವರವಿರಲಿಲ್ಲ.

ಒಂದೇ ವಾರಕ್ಕೆ ಸಣ್ಣಿ ಮೊದಲ ಸ್ಥಾನಕ್ಕೆ ಬಂದಳು ಎಂದು ಹೇಳಿದರೆ ನೀವು ನಂಬಬಾರದು. ಮುಂದಿನ ಪರೀಕ್ಷೆಯಲ್ಲಿ ಅವಳಿಗೆ ಇಪ್ಪತ್ತೈದಕ್ಕೆ ಒಂಬತ್ತು ಬಂತು. ಆದರೆ ಅವತ್ತು ಅವಳು ಉತ್ತರ ಪತ್ರಿಕೆಯನ್ನು ಚೀಲದ ತಳದಲ್ಲಿ ಮುಚ್ಚಿಡಲಿಲ್ಲ. ನನ್ನ ಕತ್ತರಿಸುವ ಮೇಜಿನ ಮೇಲೆ, ಅರ್ಧ ಕತ್ತರಿಸಿದ ಬಟ್ಟೆಯ ಪಕ್ಕದಲ್ಲೇ ಹರಡಿದಳು. "ಅಮ್ಮ, ಇದರಲ್ಲಿ ಎಲ್ಲಿ ದಾರಿ ತಪ್ಪಿದೀನಿ, ಹುಡುಕೋಣ ಬಾ. ಇದೇ ಮುಂದಿನ ವರ್ಷನೂ ಬರುತ್ತಂತೆ" ಎಂದಳು. ಮುಂದಿನ ವರ್ಷ ಎಂದಳು! "ನಂಗೆ ಬರಲ್ಲ ಕಣೇ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ಕತ್ತರಿ ಪಕ್ಕಕ್ಕಿಟ್ಟು, ಕುರ್ಚಿ ಎಳೆದುಕೊಂಡು, ಮೊದಲನೆಯ ಲೆಕ್ಕದಿಂದ ಓದತೊಡಗಿದೆ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನಲ್ಲೂ ಒಂದು ಮ್ಯೂಸಿಯಂ ಇರಬಹುದು, ಒಂದು ಸಸ್ಯತೋಟ, ಒಂದು ಪ್ರಕೃತಿ ಕೇಂದ್ರ ಇರಬಹುದು. ಮಕ್ಕಳನ್ನು ಕರೆದುಕೊಂಡು ಹೋಗಿ. ಅಲ್ಲಿ ಮಕ್ಕಳು ಮುಟ್ಟಿ, ಅಳೆದು, ಜೋಡಿಸಿ ಲೆಕ್ಕ ಮಾಡುವ ಒಂದು ಮೂಲೆ ಇದೆಯೇ ಎಂದು ಕೇಳಿ. ಇಲ್ಲವೆಂದರೆ ಯಾಕಿಲ್ಲ ಎಂದು ಕೇಳಿ, ನಾಚಿಕೊಳ್ಳಬೇಡಿ. ಅಂಥ ಜಾಗಗಳಲ್ಲಿ ಕೆಲಸ ಮಾಡುವವರಿಗೂ ಒಂದು ಮಾತು. ಇದಕ್ಕೆ ದೊಡ್ಡ ಖರ್ಚಿಲ್ಲ. ಒಂದು ಹಗ್ಗ, ಒಂದು ಕನ್ನಡಿ, ಒಂದಿಷ್ಟು ಬಿಸಿಲು ಸಾಕು. ಒಂದೆರಡು ಬಿಲ್ಲೆ ಕಳೆದುಹೋದರೆ ಹೋಗಲಿ.

ಮಗು ಅಳೆಯುತ್ತಾ ಎಣಿಸುತ್ತಾ ತಡವರಿಸಿದಾಗ ನಿಮ್ಮ ಬಾಯಿ ತುರಿಸುತ್ತದೆ, ನನಗೆ ಗೊತ್ತು. ಉತ್ತರ ಗೊತ್ತಿದ್ದರೂ ಹೇಳಬೇಡಿ. ಪಕ್ಕದಲ್ಲಿ ಕೂತು ಕಾಯಿರಿ, ಅದು ತಾನೇ ಹೇಳುತ್ತದೆ.